ಸೂರ್ಯ ನಿಂತ, ಬೋಣಿಗೆ ನಿಲ್ಲಲಿಲ್ಲ

ಹೊಸ ಯಂತ್ರವೊಂದು ಅಂಗಡಿಯ ಮೆಟ್ಟಿಲು ಹತ್ತಿದರೆ ಅದರ ಹಿಂದೆಯೇ ಒಂದು ನಗೆಯ ಪ್ರಸಂಗವೂ ಹತ್ತಿ ಬರುತ್ತದೆ. ಯಂತ್ರಗಳನ್ನು ಮೆಟ್ಟಿಲು ಹತ್ತಿಸುವುದೇ ನನ್ನ ಕೆಲಸವಾದ್ದರಿಂದ ನನಗೆ ನಗುವಿನ ಬರಗಾಲ ಎಂದೂ ಬಂದಿಲ್ಲ.

ಮೊದಲು ನಾನು ಹುನಗುಂದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಈಗ ಬಾಗಲಕೋಟೆಯ ಒಂದು ಅಂಗಡಿಯ ಪರವಾಗಿ ಎಲೆಕ್ಟ್ರಾನಿಕ್ ತಕ್ಕಡಿ, ಗಾಡಿ ಎಲ್ಲಿದೆ ಎಂದು ತೋರಿಸುವ ಪೆಟ್ಟಿಗೆ, ಫೋನಿನಲ್ಲೇ ವ್ಯಾಪಾರ ಮಾಡುವ ಆ್ಯಪ್ ಇಂಥವನ್ನೆಲ್ಲ ಊರೂರು ತಿರುಗಿ ಮಾರುತ್ತೇನೆ, ಮಾರಿದ ಮೇಲೆ ಬಳಸುವುದನ್ನು ಕಲಿಸುತ್ತೇನೆ. ಕೆಲಸ ಬದಲಾದರೂ ಜನರ ಬಾಯಲ್ಲಿ ನಾನಿನ್ನೂ ಮಾಸ್ತರನೇ. ಪಾಠ ಹೇಳುವ ಚಟ ನನಗೂ ಬಿಟ್ಟಿಲ್ಲ.

ಶಾಲೆಯಲ್ಲಿ ನನಗೆ ಬಹಳ ಇಷ್ಟದ ಪಾಠ ಒಂದಿತ್ತು. ಭೂಮಿ ನಡುವೆ ಕೂತಿದೆ, ಸೂರ್ಯ ಚಂದ್ರ ಗ್ರಹಗಳೆಲ್ಲ ಅದರ ಸುತ್ತ ತಿರುಗುತ್ತವೆ ಎಂದು ಜಗತ್ತು ನಂಬಿದ್ದ ಕಾಲದ ಕತೆ ಅದು. ನೋಡುತ್ತ ಕೂತರೆ ಕೆಲವು ಗ್ರಹಗಳು ಮುಂದೆ ಹೋಗಿ, ಒಂದಿಷ್ಟು ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿದ್ದವು. ಇದು ನಂಬಿಕೆಗೆ ಹೊಂದುತ್ತಿರಲಿಲ್ಲ. ಹಾಗಂತ ಪಂಡಿತರು ನಂಬಿಕೆ ಬಿಟ್ಟರೇ? ದೊಡ್ಡ ಚಕ್ರದ ಮೇಲೆ ಸಣ್ಣ ಚಕ್ರ ಕೂಡಿಸಿ, ಗ್ರಹವನ್ನು ಅದರ ಮೇಲೆ ಕೂರಿಸಿದರು. ಅದೂ ಹೊಂದದಿದ್ದರೆ ಇನ್ನೊಂದು ಚಕ್ರ. ಚಕ್ರಗಳೇ ಹೊರೆಯಾದ ಮೇಲೆ ಒಬ್ಬ ಧೈರ್ಯ ಮಾಡಿ ಸೂರ್ಯನನ್ನು ನಡುವೆ ನಿಲ್ಲಿಸಿ, ಭೂಮಿಯನ್ನೇ ತಿರುಗಿಸಿದ. ಆಗಲೂ ಜನ ಮರುದಿನವೇನೂ ಒಪ್ಪಲಿಲ್ಲ.

ಪಾಠ ಮಾಡುವಾಗ ಆ ಪಂಡಿತರನ್ನು ನೆನೆದು ನಾನೂ ನಗುತ್ತಿದ್ದೆ, ಮಕ್ಕಳನ್ನೂ ನಗಿಸುತ್ತಿದ್ದೆ. ಈ ಕೆಲಸಕ್ಕೆ ಬಂದ ಮೇಲೆ ಗೊತ್ತಾಯಿತು, ಅವರು ಎಲ್ಲಿಗೂ ಹೋಗಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಅಂಗಡಿ ಇಟ್ಟುಕೊಂಡು ಕೂತಿದ್ದಾರೆ.

ಕೊಸರಿನ ಗುಂಡಿ

ಕಮತಗಿಯ ಒಬ್ಬ ಕಿರಾಣಿ ಅಂಗಡಿಯವರು ಹಳೆಯ ತಕ್ಕಡಿ ಬಿಟ್ಟು ಎಲೆಕ್ಟ್ರಾನಿಕ್ ತಕ್ಕಡಿ ತೆಗೆದುಕೊಂಡರು. ನಾನು ಗುಂಡಿ ಒಂದೊಂದನ್ನೂ ತೋರಿಸಿ, ಬೆಲ್ಲ ಇಟ್ಟು ತೂಗಿ, ಅಂಕಿ ಓದುವುದನ್ನು ಕಲಿಸಿದೆ. ಅವರು ಎಲ್ಲ ಕೇಳಿಸಿಕೊಂಡರು, ಯಂತ್ರವನ್ನು ನಾಲ್ಕೂ ಕಡೆಯಿಂದ ನೋಡಿದರು, ಕೊನೆಗೆ ಇದರಲ್ಲಿ ಕೊಸರಿನ ಗುಂಡಿ ಯಾವುದು ಎಂದು ಕೇಳಿದರು.

ತೂಗಿದ ಮೇಲೆ ಗಿರಾಕಿಯ ಚೀಲಕ್ಕೆ ಪ್ರೀತಿಯಿಂದ ಹಾಕುವ ಒಂದು ಹಿಡಿಯೇ ಕೊಸರು. ಹಳೆಯ ತಕ್ಕಡಿಯಲ್ಲಿ ಗಿರಾಕಿಯ ಕಡೆಯ ತಟ್ಟೆ ಚೂರು ಬಾಗಿದರೆ ಸಾಕು, ಎಲ್ಲರಿಗೂ ಸಮಾಧಾನ. ಈ ಯಂತ್ರದ ತಟ್ಟೆ ಬಾಗುವುದೇ ಇಲ್ಲ, ಅಂಕಿ ಮಾತ್ರ ಬರುತ್ತದೆ. ತೂಕ ಕರಾರುವಾಕ್ಕಾಗಿ ಇರಲಿ ಎಂದೇ ಇದನ್ನು ಮಾಡಿದ್ದಾರೆ, ಇನ್ನು ಕೊಸರಿನ ಗೊಡವೆಯೇ ಬೇಡ ಎಂದು ನಾನು ಒಂದು ಪಾಠವನ್ನೇ ಹೇಳಿದೆ.

ಅವರು ಕನಿಕರದಿಂದ ನನ್ನ ಮುಖ ನೋಡಿದರು. "ಮಾಸ್ತರ್ರ, ತೂಕ ಬರೋಬ್ಬರಿ ಕೊಟ್ರ ಗಿರಾಕಿ ಏನಂತಾನ ಗೊತ್ತೈತೇನ್ರಿ? ಈ ಸಾವಕಾರ ಯಾವಾಗಿಂದ ಜುಗ್ಗ ಆದ ಅಂತಾನ."

ಮುಂದಿನ ಸಲ ಹೋದಾಗ ಒಬ್ಬ ಅಜ್ಜಿ ಶೇಂಗಾ ಕೊಳ್ಳುತ್ತಿದ್ದಳು. ಸಾವಕಾರರು ಯಂತ್ರದ ಮೇಲೆ ಗ್ರಾಮಿಗೆ ಗ್ರಾಮು ಸರಿಯಾಗಿ ತೂಗಿ ಅಂಕಿಯನ್ನು ಅಜ್ಜಿಗೆ ತೋರಿಸಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಯಂತ್ರದ ಮುಖಕ್ಕೆ ಹೊದಿಸಿ, ಒಂದು ಹಿಡಿ ಶೇಂಗಾ ಎತ್ತಿ ಅಜ್ಜಿಯ ಚೀಲಕ್ಕೆ ಹಾಕಿ, ಮತ್ತೆ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಇದೇನ್ರಿ ಎಂದು ಕೇಳಿದೆ.

"ಕಂಡ್ರ ಪಾಪ, ಮಷಿನ್ ಬ್ಯಾಸರ ಮಾಡ್ಕೋತೈತ್ರಿ."

ಬನಶಂಕರಿಯಲ್ಲಿ ನಿಂತ ಚುಕ್ಕೆ

ಕುಳಗೇರಿ ಕ್ರಾಸಿನಲ್ಲಿ ಒಬ್ಬ ಸಾಹೇಬರು ಟೆಂಪೊ ಇಟ್ಟುಕೊಂಡು ಸಾಗಾಣಿಕೆ ವ್ಯಾಪಾರ ಮಾಡುತ್ತಾರೆ. ತಾತನ ಕಾಲದಿಂದ ಅಲ್ಲಿಯ ಮನೆತನ, ಮಾತು ಮೆತ್ತಗೆ, ಚಹಾ ಕುಡಿಸದೆ ಯಾರನ್ನೂ ಕಳಿಸುವವರಲ್ಲ. ಅವರ ಟೆಂಪೊಕ್ಕೆ ನಾನು ಪೆಟ್ಟಿಗೆ ಕೂಡಿಸಿ, ಗಾಡಿ ಎಲ್ಲಿದೆ ಎಂದು ಫೋನಿನ ನಕಾಶೆಯ ಮೇಲೆ ಒಂದು ಕೆಂಪು ಚುಕ್ಕೆಯಲ್ಲಿ ನೋಡುವುದನ್ನು ಕಲಿಸಿದೆ.

ಸ್ವಲ್ಪ ದಿನ ಬಿಟ್ಟು ಹೋದರೆ ಸಾಹೇಬರು ಬಹಳ ಖುಷಿಯಲ್ಲಿದ್ದರು. ಮಷಿನ್ ಖರೆ ಹೇಳುತ್ತದೆ ಎಂದು ಹೊಗಳಿದರು. ಹೇಗೆ ಗೊತ್ತಾಯಿತು ಎಂದೆ. ಚುಕ್ಕೆ ನೋಡಿದ ಕೂಡಲೇ ಡ್ರೈವರನಿಗೆ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳುತ್ತಾರಂತೆ. ಅವನು ಹೇಳಿದ್ದಕ್ಕೂ ಚುಕ್ಕೆಗೂ ತಾಳೆಯಾದರೆ ಮಷಿನ್ ಪಾಸು. ಡ್ರೈವರನನ್ನು ಪರೀಕ್ಷೆ ಮಾಡಲೆಂದು ನಾನು ಮಷಿನ್ ಕೊಟ್ಟಿದ್ದೆ, ಅವರು ಡ್ರೈವರನನ್ನು ಇಟ್ಟುಕೊಂಡು ಮಷಿನನ್ನು ಪರೀಕ್ಷೆ ಮಾಡುತ್ತಿದ್ದರು.

ಒಂದು ದಿನ ನನಗೆ ಫೋನ್ ಬಂತು. ಮಷಿನ್ ಕೆಟ್ಟಿದೆ, ಬಂದು ಒಯ್ಯಿರಿ ಎಂದರು. ಡ್ರೈವರ್ ಬಾಗಲಕೋಟೆ ದಾರಿಯಲ್ಲಿ ಇದ್ದೇನೆ ಎನ್ನುತ್ತಾನೆ, ಇದು ಬನಶಂಕರಿ ಗುಡಿಯ ಹತ್ತಿರ ತೋರಿಸುತ್ತದೆ. ಅವನು ಇಷ್ಟು ವರ್ಷದಲ್ಲಿ ಒಂದು ಸುಳ್ಳು ಹೇಳಿದವನಲ್ಲ, ಮೊನ್ನೆ ಬಂದ ಮಷಿನ್ ಮಾತು ಕೇಳಿ ಅವನ ಮೇಲೆ ಅನುಮಾನಪಡಲೇ ಎಂದು ಬೇಸರಪಟ್ಟುಕೊಂಡರು. ನಾನು ಹೋಗಿ ನೋಡಿದೆ, ಮಷಿನ್ ಗಟ್ಟಿಮುಟ್ಟಾಗಿತ್ತು. ಡ್ರೈವರ್ ಮಾತ್ರ ನನ್ನನ್ನು ಗಾಡಿಯ ಹಿಂದೆ ಕರೆದುಕೊಂಡು ಹೋಗಿ, ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿಟ್ಟು ಮಾರುವ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರಿನ ರುಚಿಯನ್ನು ಕಣ್ಣಲ್ಲಿ ನೀರು ತಂದುಕೊಂಡು ವರ್ಣಿಸಿದ. ನಾನು ಸಾಹೇಬರ ಮುಂದೆ ಬಾಯಿ ಬಿಡಲಿಲ್ಲ.

ಮರುವಾರ ಚುಕ್ಕೆ ಮತ್ತೆ ಬನಶಂಕರಿಯಲ್ಲಿ ನಿಂತಿತು. ಈ ಸಲ ಸಾಹೇಬರು ಮಷಿನ್ನಿನ ಸುಳ್ಳನ್ನು ಬಯಲಿಗೆಳೆಯಲೇಬೇಕೆಂದು ನನ್ನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಅಲ್ಲಿಗೇ ಹೋದರು. ಟೆಂಪೊ ಮರದ ನೆರಳಿನಲ್ಲಿತ್ತು, ಡ್ರೈವರ್ ರೊಟ್ಟಿಯ ಮುಂದೆ ಇದ್ದ. ಸಾಹೇಬರು ಬೈಕ್ ನಿಲ್ಲಿಸಿ ಅವನ ಕಡೆಗೆ ನಡೆದರು. ಅವನ ನೌಕರಿ ಹೋಯಿತು ಎಂದುಕೊಂಡೆ. ಅವರು ಮೆಲ್ಲಗೆ ಚಪ್ಪಲಿ ಬಿಟ್ಟು ಅವನ ಎದುರು ಕೂತು, ತಾಯಿ ನನಗೂ ಹಾಕು ಎಂದು ಬುಟ್ಟಿಯಾಕೆಗೆ ಹೇಳಿದರು.

ಈಗ ಚುಕ್ಕೆ ಬನಶಂಕರಿಯಲ್ಲಿ ನಿಂತ ಕೂಡಲೇ ಫೋನ್ ಹೋಗುತ್ತದೆ. ಎಲ್ಲಿದ್ದೀ ಎಂದು ಕೇಳುವುದಿಲ್ಲ.

"ನನಗೂ ಎರಡ ಕಟ್ಟಿಸ್ಕೊಂಡ ಬಾರಲೇ. ಮಸರ ಮರಿಬ್ಯಾಡ."

ಇಳಕಲ್ಲಿನ ಮೂಲೆ

ಇವೆಲ್ಲ ನಕ್ಕು ಬಿಡುವಂಥವು. ನಿದ್ದೆ ಕೆಡಿಸಿದ್ದು ಇಳಕಲ್ಲಿನ ಸೀರೆ ಅಂಗಡಿ.

ಆ ಅಂಗಡಿಯ ಸಾವಕಾರರು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಿಳಿ ಗಾದಿಯ ನಟ್ಟನಡುವೆ ಕೂತು ಸೀರೆ ಬಿಚ್ಚಿ ಹರವಿದರೆ ಗಿರಾಕಿ ಎದ್ದು ಹೋಗುವ ಮಾತೇ ಇಲ್ಲ. ಆದರೆ ಬರುವ ಗಿರಾಕಿಗಳೇ ಕಡಿಮೆಯಾಗಿದ್ದರು. ಅವರ ಸೊಸೆ ಬಿ.ಕಾಂ. ಓದಿದವಳು, ಚುರುಕು. ಫೋನಿನಲ್ಲಿ ಸೀರೆ ತೋರಿಸಿ ಮಾರುತ್ತೇನೆ ಎಂದು ಮಾವನಿಗೆ ಗಂಟುಬಿದ್ದು, ಅಂಗಡಿಯಲ್ಲಿ ಒಂದು ಮೂಲೆ ಪಡೆದಿದ್ದಳು. ನಾನು ಆ್ಯಪ್ ಹಾಕಿಕೊಟ್ಟು, ಫೋನ್ ನಿಲ್ಲಿಸಲು ಕೋಲು, ಸುತ್ತ ಬೆಳಕು ಬೀರುವ ದೀಪ ಎಲ್ಲ ಜೋಡಿಸಿ ಬಂದೆ.

ಮಾವನ ಷರತ್ತು ಇಷ್ಟೇ. ಶ್ರಾವಣ ಮುಗಿಯುವುದರೊಳಗೆ ಫೋನಿನ ವ್ಯಾಪಾರ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಆ ಮೂಲೆಯಲ್ಲಿ ಮೊದಲಿನ ಹಾಗೆ ಸೀರೆಯ ಗಂಟು ಒಟ್ಟುವುದು, ಸೊಸೆ ಮೊದಲಿನ ಹಾಗೆ ಮನೆಯಲ್ಲಿರುವುದು. ಅವಳು ನನಗೆ ನೆಟ್ಟಗೆ ಹೇಳಿದಳು.

"ಸರ್ರ, ಈ ಮೂಲಿ ಹೋತಂದ್ರ ನಾ ಮತ್ತ ಈ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ. ಹತ್ತಾಕ ಯಾರೂ ಬಿಡಂಗಿಲ್ಲ."

ವ್ಯಾಪಾರ ಬರದೆ ಇರಲಿಲ್ಲ, ಬರುವ ಹೊತ್ತೇ ತೊಂದರೆಯಾಯಿತು. ಪುಣೆಯ ಗಿರಾಕಿಗಳು ಅಡುಗೆಗೆ ಮೊದಲು, ಹಾಸಿಗೆಯಲ್ಲೇ ಫೋನ್ ನೋಡಿ ಸೀರೆ ಆರಿಸುತ್ತಿದ್ದರು. ಸಾವಕಾರರು ಅಂಗಡಿ ತೆಗೆಯುವ ಹೊತ್ತಿಗೆ ಆರ್ಡರ್ ಬಂದು ಕಾಯುತ್ತಿರುತ್ತಿತ್ತು. ಸೊಸೆ ಅದಕ್ಕೆ ಕೈಹಾಕಿದರೆ ಮಾವ ತಡೆಯುತ್ತಿದ್ದರು. ಮೊದಲು ಬೋಣಿಗೆ ಆಗಲಿ ಎನ್ನುತ್ತಿದ್ದರು.

ದಿನದ ಮೊದಲ ವ್ಯಾಪಾರವೇ ಬೋಣಿಗೆ. ಅದು ಯಾರ ಕೈಯಿಂದ ಆಗುತ್ತದೋ ಅವರ ಕೈಗುಣದ ಮೇಲೆ ಇಡೀ ದಿನ ನಿಂತಿರುತ್ತದೆ. ಹೀಗಾಗಿ ಕಣ್ಣಿಗೆ ಕಾಣುವ ಗಿರಾಕಿ ಮೆಟ್ಟಿಲು ಹತ್ತಿ, ಕೈಯಾರೆ ಸೀರೆ ಮುಟ್ಟಿ, ಕೈಯಾರೆ ಕೊಳ್ಳುವವರೆಗೆ ಫೋನು ಬಾಯಿ ಮುಚ್ಚಿಕೊಂಡಿರಬೇಕು. ಕೆಲವು ದಿನ ಆ ಗಿರಾಕಿ ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದ. ಅಷ್ಟರಲ್ಲಿ ಪುಣೆಯವರು ಬೇರೆ ಅಂಗಡಿಯ ಸೀರೆ ಕೊಂಡು, ಊಟವನ್ನೂ ಮುಗಿಸಿರುತ್ತಿದ್ದರು. ಫೋನಿನ ಗಿರಾಕಿಯೂ ಗಿರಾಕಿಯೇ ಅಲ್ಲವೇನ್ರಿ ಎಂದು ನಾನು ವಾದಿಸಿದೆ.

"ಅಲ್ಲ ಅಂದೋರ್ಯಾರು? ಕೈ ಎಲ್ಲೈತಿ ತೋರಸ್ರಿ."

ಭೂಮಿ ತಿರುಗಿಸಿದ್ದು

ಸೊಸೆಯ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ನನಗೆ ಕೆಡುಕೆನಿಸಿತು, ಸಿಟ್ಟೂ ಬಂತು. ಒಬ್ಬ ಸಾವಕಾರನನ್ನು ಒಪ್ಪಿಸಲಾಗದ ಮೇಲೆ ನಾನೆಂಥ ವಿಜ್ಞಾನದ ಮಾಸ್ತರ? ಒಂದು ದಿನ ಮುಂಜಾನೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ, ನನ್ನ ಪ್ರಿಯವಾದ ಪಾಠವನ್ನೇ ತೆಗೆದೆ.

ಸೊಸೆಯ ದೀಪ ಹಚ್ಚಿ ನಡುವೆ ನಿಲ್ಲಿಸಿ, ಇದು ಸೂರ್ಯ ಎಂದೆ. ಅಲ್ಲೇ ಇದ್ದ ನೂಲಿನ ಉಂಡೆಯನ್ನು ಕೈಯಲ್ಲಿ ಹಿಡಿದು, ಇದು ಭೂಮಿ ಎಂದೆ. ನಾವು ನಡುವೆ ಇದ್ದೇವೆ, ಜಗತ್ತು ನಮ್ಮ ಸುತ್ತ ತಿರುಗುತ್ತದೆ ಎಂದುಕೊಂಡಿದ್ದು ಹೇಗೆ ತಪ್ಪಾಯಿತೋ, ಹಾಗೆಯೇ ಅಂಗಡಿ ನಡುವೆ ಇದೆ, ಗಿರಾಕಿ ಅದರ ಸುತ್ತ ತಿರುಗಬೇಕು ಎನ್ನುವುದೂ ತಪ್ಪು, ಈಗ ಗಿರಾಕಿ ಇದ್ದಲ್ಲೇ ಇರುತ್ತಾನೆ, ಅಂಗಡಿಯೇ ಅವನ ಮನೆಗೆ ತಿರುಗಬೇಕು ಎಂದು ಹೇಳುತ್ತ ಉಂಡೆ ಹಿಡಿದು ದೀಪದ ಸುತ್ತ ತಿರುಗತೊಡಗಿದೆ. ಮಾತಿನ ಭರದಲ್ಲಿ ಉಂಡೆಯ ತುದಿ ದೀಪದ ಕೋಲಿಗೆ ಸಿಕ್ಕಿಕೊಂಡಿದ್ದು, ನೂಲು ಬಿಚ್ಚಿ ಕೋಲಿನ ಸುತ್ತ ಸುತ್ತಿಕೊಳ್ಳುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

ಅದೇ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದಳು. ಕಾರಹುಣ್ಣಿಮೆಗೆ ಗಂಡನ ಆಯುಷ್ಯಕ್ಕೆಂದು ಆಲದ ಮರಕ್ಕೆ ನೂಲು ಸುತ್ತಿದ ಕೈ ಅವಳದು. ಒಬ್ಬ ಗಂಡಸು ಉರಿಯುವ ದೀಪಕ್ಕೆ ನೂಲು ಸುತ್ತುತ್ತ ಪ್ರದಕ್ಷಿಣೆ ಹಾಕುವುದನ್ನು ಕಂಡು, ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕೈಮುಗಿದು ನಿಂತಳು. ನಾನು ನಿಂತ ಮೇಲೆ ತಾನೂ ಒಂದು ಸುತ್ತು ಬಂದಳು. ಇದು ಯಾವ ವ್ರತ ಎಂದು ಸಾವಕಾರರನ್ನು ಮೆಲ್ಲಗೆ ಕೇಳಿದಳು. ಆಮೇಲೆ ಗಾದಿಯ ಮೇಲೆ ಕೂತು ಮಗಳಿಗೊಂದು, ಸೊಸೆಗೊಂದು ಸೀರೆ ತೆಗೆದುಕೊಂಡು ಹೋದಳು.

ಸಾವಕಾರರು ಬೋಣಿಗೆಯ ಹಣವನ್ನು ಕಣ್ಣಿಗೆ ಒತ್ತಿಕೊಂಡರು. ನೂಲಿನಲ್ಲಿ ಸಿಕ್ಕಿಕೊಂಡ ಸೂರ್ಯನನ್ನು ನಾನೂ ಸೊಸೆಯೂ ಬಿಡಿಸುತ್ತ ಕೂತಿದ್ದೆವು. ಅವರು ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮಾಸ್ತರ್ರ, ನಿಮ್ಮ ಮಾತ ಖರೆ ಐತ್ರಿ. ದಿನಾ ಮುಂಜಾನಿ ಬಂದು ಒಂದೀಟ ಭೂಮಿ ತಿರಗಿಸಿ ಹೋಗ್ರಿ."

ನರ್ಸಬಾಯಿಯ ಕೈ

ಶ್ರಾವಣ ಮುಗಿಯುತ್ತ ಬಂತು. ನಾನು ಕೈಚೆಲ್ಲಿದೆ. ಸೊಸೆ ಚೆಲ್ಲಲಿಲ್ಲ. ಮಾವನ ಜೊತೆ ವಾದ ಮಾಡುವುದನ್ನೇ ಬಿಟ್ಟು, ಚಹಾ ಕೊಡುವಾಗ ಒಂದೇ ಪ್ರಶ್ನೆ ಕೇಳಿದಳು. ಈ ಊರಿನಲ್ಲಿ ಎಲ್ಲರಿಗಿಂತ ಚೆಂದದ ಕೈಗುಣ ಯಾರದು?

ಸಾವಕಾರರು ಯೋಚಿಸಲೂ ಇಲ್ಲ. ನರ್ಸಬಾಯಿಯದು. ದವಾಖಾನೆಯಲ್ಲಿ ನರ್ಸ್ ಆಗಿದ್ದ ಆಕೆ ಹೆರಿಗೆ ಮಾಡಿಸಿ ಅರ್ಧ ಊರನ್ನು ಕೈಯಾರೆ ಭೂಮಿಗೆ ಇಳಿಸಿದವರು, ಈ ಸೊಸೆಯ ಗಂಡನನ್ನೂ. ಮುಂಜಾನೆ ಡ್ಯೂಟಿಗೆ ಹೋಗುವಾಗ ಸಾವಕಾರರು ಕರೆದು, ಬೇಡವೆಂದರೂ ಒಂದು ಕುಪ್ಪಸದ ಖಣವನ್ನಾದರೂ ಆಕೆಯ ಕೈಯಿಂದ ಕೊಳ್ಳಿಸುತ್ತಿದ್ದರು. ಆಕೆ ನಿವೃತ್ತಿಯಾಗಿ ಸೊಲ್ಲಾಪುರಕ್ಕೆ ಮಗಳ ಹತ್ತಿರ ಹೋದ ಮೇಲೆ ಅಂಥ ಬೋಣಿಗೆ ಮತ್ತೆ ಆಗಲಿಲ್ಲ ಎಂದು ನಿಟ್ಟುಸಿರು ಬಿಟ್ಟರು.

ಮರುದಿನ ನಾನು ಸಾಮಾನು ಬಿಚ್ಚಿಕೊಂಡು ಹೋಗಲು ಬಂದಿದ್ದೆ. ಬಾಗಿಲು ಪೂರ್ತಿ ತೆಗೆದಿರಲಿಲ್ಲ. ಸೊಸೆ ಫೋನನ್ನು ಕೋಲಿಗೆ ಸಿಕ್ಕಿಸಿ ಮಾವನನ್ನು ಕರೆದಳು. ಪರದೆಯ ಮೇಲೆ ತಲೆಸ್ನಾನ ಮಾಡಿ ಕೂದಲು ಒಣಗಿಸುತ್ತ ನರ್ಸಬಾಯಿ ಕೂತಿದ್ದರು.

ಸಾವಕಾರರು ಎದ್ದು ನಿಂತು ಕೈಮುಗಿದರು. ಆಕೆ ಮೊದಲು ಅವರ ಬಿಪಿ ಗುಳಿಗೆ ವಿಚಾರಿಸಿದರು, ತೆಳ್ಳಗಾಗಿದ್ದಕ್ಕೆ ಬೈದರು, ಮಗನ ಸುದ್ದಿ ಕೇಳಿದರು. ಆಮೇಲೆ ಮೊಮ್ಮಗಳಿಗೆ ಒಂದು ಇಳಕಲ್ ಸೀರೆ ಬೇಕೆಂದರು. ಸಾವಕಾರರು ತಾವೇ ಗಾದಿಯ ಮೇಲೆ ಸೀರೆ ಹರವಿ ತೋರಿಸಿದರು. ಒಂದು ಸೀರೆ ಆಕೆಗೆ ಒಪ್ಪಿತು. ಸೆರಗಿನ ನೇಯ್ಗೆ ನೋಡುತ್ತೇನೆ, ಹತ್ತಿರ ತಾ ಎಂದು ರೂಢಿಯಂತೆ ಕೈ ಮುಂದೆ ಚಾಚಿದರು. ಇಡೀ ಪರದೆಯ ತುಂಬ ಆ ಕೈ. ಸಾವಕಾರರು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಫೋನಿನ ಗಾಜಿಗೆ ಮುಟ್ಟಿಸಿ, ಹಾಗೆಯೇ ನಿಂತರು.

"ಇದನ್ನ ಕಳಸಪ್ಪಾ," ಎಂದರು ನರ್ಸಬಾಯಿ. "ನನ್ನ ಕೈಬೋಣಿಗಿ ಮಾಡಿ ಭಾಳ ದಿನ ಆತಲ್ಲ."

ಸಾವಕಾರರು ಫೋನನ್ನು ಕೋಲಿನಿಂದ ತೆಗೆದು ಒಂದು ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಇನ್ನೊಂದು ಕಣ್ಣಿಗೆ. ಸೊಸೆ ಬಾಯಿಗೆ ಸೆರಗು ಹಿಡಿದು ಗೋಡೆಯ ಕಡೆ ತಿರುಗಿದಳು. ಸಾಮಾನು ಬಿಚ್ಚಲು ಬಂದಿದ್ದ ನಾನು ದೀಪದ ವೈರು ಸರಿಮಾಡಿದೆ. ಆ ದಿನ ಕಾಯುತ್ತಿದ್ದ ಪುಣೆಯ ಆರ್ಡರುಗಳೆಲ್ಲ ಒಂದರ ಹಿಂದೊಂದು ಹೋದವು, ಅಂಗಡಿಗೂ ಸಂಜೆಯವರೆಗೆ ಗಿರಾಕಿ. ಮೂಲೆ ಉಳಿಯಿತು. ಹೊರಡುವಾಗ ಸಾವಕಾರರು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು.

"ಫೋನಿನ್ಯಾಗ ಕೈಗುಣ ಬರ್ತೈತಿ ಅಂತ ಮೊದಲ ಹೇಳಬಾರದೇನ್ರಿ, ಮಾಸ್ತರ್ರ? ಸುಮ್ನ ನೂಲ ಹಾಳ ಮಾಡಿದ್ರಿ."

ಸೀರೆಯ ಪ್ರದಕ್ಷಿಣೆ

ಬಾದಾಮಿಯಲ್ಲಿ ನನ್ನ ಹೆಂಡತಿಯ ತಂಗಿಯ ಹೊಸ ಮನೆಯ ವಾಸ್ತುಶಾಂತಿ. ಅದಕ್ಕೆ ಗೋಮಿ ದಡಿ ಎನ್ನುವ ಅಂಚಿನ ಇಳಕಲ್ ಸೀರೆಯೇ ಬೇಕೆಂದು ಹೆಂಡತಿ ಹಟ ಹಿಡಿದಳು. ಹಿಂದಿನ ದಿನ ಮುಂಜಾನೆ ಮೊದಲ ಬಸ್ಸಿಗೆ ಇಬ್ಬರೂ ಇಳಕಲ್ಲಿಗೆ ಹೋದೆವು. ನನ್ನದೇ ಅಂಗಡಿ ಇದ್ದ ಹಾಗೆ, ರಾಜಮರ್ಯಾದೆ ಸಿಗುತ್ತದೆ ನೋಡು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ.

ಒಳಗೆ ಇಣುಕಿದರೆ ಗಾದಿಯ ನಟ್ಟನಡುವೆ ಸೊಸೆ ಕೂತಿದ್ದಾಳೆ, ಸುತ್ತ ದೀಪ, ಮುಂದೆ ಫೋನು. ಸಾವಕಾರರು ಮೂಲೆಯಲ್ಲಿ ಕೂತು ಸೀರೆ ಮಡಚಿ ಕೊಡುತ್ತಿದ್ದಾರೆ. ನನ್ನ ಪಾಠವೇ ಕಣ್ಣಮುಂದೆ ಕೂತಂತೆ ಕಂಡು ನನಗೆ ಹಿಗ್ಗೋ ಹಿಗ್ಗು. ಒಳಗೆ ಕಾಲಿಡಲು ಹೋದೆ. ಸಾವಕಾರರು ದಡಬಡಿಸಿ ಎದ್ದು ಬಂದು ಎರಡೂ ಕೈ ಅಡ್ಡ ಹಿಡಿದರು.

"ಹೊರಗ ಕುಂದರ್ರಿ ಮಾಸ್ತರ್ರ. ಇನ್ನಾ ಫೋನ್ ಬೋಣಿಗಿ ಆಗಿಲ್ಲ."

ಮೆಟ್ಟಿಲ ಮೇಲೆ ಕೂತೆವು. ಚಹಾ ಬಂತು, ರಾಜಮರ್ಯಾದೆಯಲ್ಲಿ ಕಡಿಮೆ ಏನಿಲ್ಲ, ಒಳಗೆ ಮಾತ್ರ ಬಿಡಲಿಲ್ಲ. ಪುಣೆಯಲ್ಲಿ ಆ ದಿನ ಯಾರಿಗೂ ಎಚ್ಚರವೇ ಆಗಲಿಲ್ಲವೋ ಏನೋ. ಬಿಸಿಲು ಮೆಟ್ಟಿಲಿಗೆ ಬಂತು. ಹೆಂಡತಿ ನನ್ನನ್ನೊಮ್ಮೆ ನೋಡಿ, ತನ್ನ ಫೋನ್ ತೆಗೆದಳು. ಸೊಸೆಯ ಆ್ಯಪಿನಲ್ಲಿ ಗೋಮಿ ದಡಿಯ ದಾಳಿಂಬೆ ಬಣ್ಣದ ಸೀರೆ ಆರಿಸಿ, ಹುನಗುಂದದ ನಮ್ಮ ಮನೆಯ ವಿಳಾಸ ಹಾಕಿ, ಒತ್ತಿದಳು. ಒಳಗೆ ಫೋನು ಟಿಣ್ ಎಂದಿತು.

ಸಾವಕಾರರು ಫೋನನ್ನು ಕಣ್ಣಿಗೆ ಒತ್ತಿಕೊಂಡು ಹೊರಗೆ ಬಂದರು. ಬರ್ರಿ ಒಳಗೆ, ಬೋಣಿಗೆ ಆಯಿತು, ಯಾರೋ ಪುಣ್ಯವಂತರು, ಭಾರಿ ಕೈಗುಣದವರು ಇರಬೇಕು ಎಂದು ಹೊಗಳಿದರು. ಸೊಸೆ ಒಳಗಿಂದಲೇ ನಗು ತಡೆಯಲಾಗದೆ ಹೇಳಿದಳು.

"ಮಾವಾರ, ಆ ಪುಣ್ಯವಂತರು ನಿಮ್ಮ ಮುಂದ ನಿಂತಾರ ನೋಡ್ರಿ."

ಸಾವಕಾರರಿಗೆ ಇನ್ನೂ ಸಂತೋಷವಾಯಿತು. ನನ್ನ ಹೆಂಡತಿಗೆ ಕೈಮುಗಿದು, ಸೀರೆಯನ್ನು ತಾವೇ ಮಡಚಿ ಪೊಟ್ಟಣ ಕಟ್ಟಿದರು. ಅವಳು ಕೈ ಚಾಚಿದಳು. ಅವರು ಪೊಟ್ಟಣವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಕೈಯಾಗ ಕೊಡಾಕ ಬರಂಗಿಲ್ಲ ಅಕ್ಕಾರ. ಫೋನ್ ಬೋಣಿಗಿ ಕೆಡತೈತಿ. ಕೊರಿಯರ್ ಮಾಡ್ತೇನಿ."

ಆ ಬಣ್ಣದ ಗೋಮಿ ದಡಿ ಅಂಗಡಿಯಲ್ಲಿ ಅದೊಂದೇ ಉಳಿದಿತ್ತು. ನಾಳೆಯೇ ವಾಸ್ತುಶಾಂತಿ ಎಂದು ಅವಳು ಹೇಳಿದಳು, ನಾನು ಹೇಳಿದೆ, ಸೊಸೆಯೂ ನಮ್ಮ ಪರವಾಗಿ ಹೇಳಿದಳು. ಸಾವಕಾರರ ಮುಖ ನಿಜಕ್ಕೂ ಬಾಡಿತು, ಆದರೆ ಪೊಟ್ಟಣ ಕೈ ಬಿಡಲಿಲ್ಲ. ನಾವು ಮೆಟ್ಟಿಲು ಇಳಿಯುವಾಗ ಮತ್ತೆ ಕೂಗಿ ಕರೆದರು. ಮನಸ್ಸು ಬದಲಾಯಿತೆಂದು ಓಡಿ ಹೋದೆವು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಫೋನಿನ ಮುಖಕ್ಕೆ ಹೊದಿಸಿ, ಒಂದು ಕುಪ್ಪಸದ ಖಣವನ್ನು ಹೆಂಡತಿಯ ಕೈಯಲ್ಲಿಟ್ಟು, ಇದು ಕೊಸರು ಎಂದು ಪಿಸುಗುಟ್ಟಿದರು.

ಬಸ್ಸಿನಲ್ಲಿ ಹೆಂಡತಿ ಖಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹುನಗುಂದ ಹತ್ತಿರ ಬರುವಾಗ ಅವಳ ಫೋನಿಗೆ ಸಂದೇಶ ಬಂತು. ಸೀರೆ ಇಳಕಲ್ಲಿನಿಂದ ಹೊರಟಿದೆ, ಬಾಗಲಕೋಟೆಗೆ ಹೋಗಿ, ಅಲ್ಲಿಂದ ಹುನಗುಂದಕ್ಕೆ ಬರುತ್ತದೆ. ಅವಳು ಅದನ್ನು ಎರಡು ಸಲ ಓದಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಸೂರ್ಯಾನ್ನ ನಡುವ ನಿಲ್ಲಿಸಿದ್ರಿ, ಚಲೋ ಆತು. ನನ್ನ ಸೀರಿ ಯಾಕ ತಿರಗಾಕತ್ತೈತಿ, ಅದನ್ನ ಹೇಳ್ರಿ."